ದುಡ್ಡಿನ ಟೂರ್ನಿ ಮುಚ್ಚಿ ಚೆನ್ನೆಮಣೆ ಆ್ಯಪ್ ಉಳಿಸಿಕೊಂಡದ್ದು

ಕೇಂದ್ರ ಸರ್ಕಾರದ ಆನ್‌ಲೈನ್ ಗೇಮಿಂಗ್ ಕಾನೂನು ಬಂದಾಗ ದೊಡ್ಡ ಕಂಪನಿಗಳ ಸುದ್ದಿ ಎಲ್ಲರೂ ಓದಿದರು. ಡ್ರೀಮ್11 ದುಡ್ಡಿನ ಆಟ ನಿಲ್ಲಿಸಿತು, ಕ್ರಿಕೆಟ್ ತಂಡದ ಜೆರ್ಸಿಯಿಂದ ಅದರ ಹೆಸರು ಹೋಯಿತು. ಇಬ್ಬರು ಮೂವರು ಸೇರಿ ನಡೆಸುವ ಸಣ್ಣ ಆ್ಯಪ್‌ಗಳ ಗತಿ ಏನಾಯಿತು ಅಂತ ಮಾತ್ರ ಯಾರೂ ಕೇಳಲಿಲ್ಲ. ನಮ್ಮದು ಅಂಥದ್ದೊಂದು. 2025ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ನಾವು ಮಾಡಿದ್ದು ಒಂದೇ ಕೆಲಸ. ದುಡ್ಡಿನ ಟೂರ್ನಿಯನ್ನು ಲೆಕ್ಕ ಚುಕ್ತಾ ಮಾಡಿ ಮುಚ್ಚುವುದು, ಆಟವನ್ನು ಉಳಿಸಿಕೊಳ್ಳುವುದು. ಶುರು ಮಾಡುವಾಗ ಇಷ್ಟು ಕಾಗದ ಬೇಕಾಗಿರಲಿಲ್ಲ. ಮಣಿಪಾಲದ ಇಬ್ಬರು ಹುಡುಗರು ಈಗ ಇದೇ ದಾರಿಯಲ್ಲಿದ್ದಾರೆ, ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ವ್ಯವಹಾರ ಏನಿತ್ತು ಅಂತ ಹೇಳುತ್ತೇನೆ. ನಾನು ಮತ್ತು ನನ್ನ ಚಿಕ್ಕಪ್ಪನ ಮಗ, ಅಂದರೆ ತಮ್ಮ, ಸೇರಿ ಮಂಗಳೂರಿನ ಬಿಜೈಯಲ್ಲಿ ಒಂದು ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ನಡೆಸುತ್ತೇವೆ. ಅವನು ಕೋಡ್ ಬರೆಯುತ್ತಾನೆ. ಲೆಕ್ಕ, ಕಾಗದಪತ್ರ, ಜನರ ಫೋನು ಎಲ್ಲ ನನ್ನದು. ಆಟ ಚೆನ್ನೆಮಣೆ. ಎರಡು ಸಾಲಿನಲ್ಲಿ ಏಳೇಳು ಗುಳಿ, ಪ್ರತಿ ಗುಳಿಗೆ ನಾಲ್ಕು ಕಾಯಿ. ತುಳುವರ ಆಟಿ ತಿಂಗಳಲ್ಲಿ ಮಳೆ ಹೊಯ್ಯುವಾಗ ಜಗಲಿಯಲ್ಲಿ ಕೂತು ಮಂಜೊಟ್ಟಿ ಬೀಜ ಹಾಕಿ ಆಡುವ ಆಟ, ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಆ್ಯಪ್‌ನಲ್ಲಿ ಸುಮ್ನೆ ಆಡುವುದು ಫ್ರೀ. ಅದರ ಮೇಲೆ ದುಡ್ಡಿನ ಟೂರ್ನಿ ಇಟ್ಟಿದ್ದೆವು. ಎಂಟು ಜನ ತಲಾ 25 ರೂಪಾಯಿ ಕಟ್ಟಿದರೆ 200 ಆಯಿತು. ಗೆದ್ದವರಿಗೆ 110, ಎರಡನೆಯವರಿಗೆ 50, ಉಳಿದ 40 ನಮಗೆ.

ಇದಕ್ಕೆ ಧೈರ್ಯ ಬಂದದ್ದು 2022ರಲ್ಲಿ. ಅದರ ಹಿಂದಿನ ವರ್ಷ ರಾಜ್ಯ ಸರ್ಕಾರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದಾಟವನ್ನೆಲ್ಲ ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟ ಬೇರೆ, ಜೂಜು ಬೇರೆ ಅನ್ನುವ ಹಳೆಯ ವಾದ ಮತ್ತೆ ಗಟ್ಟಿಯಾಯಿತು. ಚೆನ್ನೆಮಣೆಯಲ್ಲಿ ಅದೃಷ್ಟ ಎಲ್ಲಿಂದ ಬರಬೇಕು? ಕಾಯಿ ಎಲ್ಲ ಕಣ್ಣೆದುರೇ ಇರುತ್ತದೆ, ಲೆಕ್ಕ ಹಾಕುವವನು ಗೆಲ್ಲುತ್ತಾನೆ. ಆ ಒಂದು ಮಾತಿನ ಮೇಲೆ ನಮ್ಮ ವ್ಯಾಪಾರ ನಿಂತಿತ್ತು.

2025ರ ಕಾನೂನು ಆ ಮಾತನ್ನೇ ತೆಗೆದುಹಾಕಿತು. ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಆಟಿ ಮುಗಿದು ಸೋಣ ಶುರುವಾಗಿತ್ತಷ್ಟೇ. ವರ್ಷದಲ್ಲಿ ನಮಗೆ ಜಾಸ್ತಿ ಜನ ಬರುವುದೇ ಆಟಿಯಲ್ಲಿ, ಹಾಗಾಗಿ ವಾಲೆಟ್‌ಗಳಲ್ಲಿ, ಅಂದರೆ ಆ್ಯಪ್‌ನೊಳಗಿನ ಆಟಗಾರರ ಖಾತೆಗಳಲ್ಲಿ, ದುಡ್ಡೂ ಜಾಸ್ತಿ ಇತ್ತು. ಕೌಶಲವೋ ಅದೃಷ್ಟವೋ ಎರಡೂ ಸೇರಿದ್ದೋ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಸೆಯಿಂದ ಆಡುವುದೆಲ್ಲ ‘ಆನ್‌ಲೈನ್ ಮನಿ ಗೇಮ್’ ಅನ್ನುತ್ತದೆ ಈ ಕಾನೂನು. ಅಂಥ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ, ಅಥವಾ ಎರಡೂ. ಜಾಹೀರಾತು ಕೊಟ್ಟರೆ 2 ವರ್ಷ, 50 ಲಕ್ಷ. ದುಡ್ಡು ದಾಟಿಸುವ ಬ್ಯಾಂಕಿಗೂ ಪೇಮೆಂಟ್ ಗೇಟ್‌ವೇಗೂ (ಆನ್‌ಲೈನ್ ಪಾವತಿ ತಲುಪಿಸುವ ಕಂಪನಿ) ನಡೆಸಿದವರಷ್ಟೇ ಶಿಕ್ಷೆ. ಆಡಿದವರಿಗೆ ಶಿಕ್ಷೆ ಇಲ್ಲ.

ಟಿವಿಯಲ್ಲಿ ‘ಜಾಮೀನು ಇಲ್ಲದ ಅಪರಾಧ’ ಅಂತ ಕೆಳಗೆ ಪಟ್ಟಿ ಓಡುತ್ತಿತ್ತು. ಅಮ್ಮ ಅದನ್ನು ಓದಿ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಟಿವಿ ಸೌಂಡ್ ಕಮ್ಮಿ ಮಾಡಿ ಒಳಗೆ ಹೋದರು. ರಾತ್ರಿ ತಮ್ಮನ ಫೋನ್ ಬಂತು. “ಎಂತ ಮಾಡುದು ಅಣ್ಣ? ಸರ್ವರ್ ಆಫ್ ಮಾಡ್ಲಾ?”

ಸರ್ವರ್ ಆಫ್ ಮಾಡಬೇಡ, ಎಂಟ್ರಿ ಮತ್ತು ಡೆಪಾಸಿಟ್ ಮಾತ್ರ ನಿಲ್ಲಿಸು ಅಂದೆ. ಇದೇ ಸ್ಥಿತಿಯಲ್ಲಿರುವವರಿಗೆ ನನ್ನ ಮೊದಲ ಮಾತೂ ಇದೇ. ಹೆದರಿಕೆಯಲ್ಲಿ ಎಲ್ಲವನ್ನೂ ಬಂದ್ ಮಾಡಿದರೆ ಆಡುತ್ತಿದ್ದವರಿಗೆ ನೀವು ಓಡಿಹೋದಂತೆ ಕಾಣುತ್ತದೆ. ಕಂಪ್ಲೇಂಟ್ ಬೀಳುವುದು ಆಗ. ನಡೆಯುತ್ತಿದ್ದ ಟೂರ್ನಿಗಳನ್ನು ರದ್ದು ಮಾಡಿ ಎಂಟ್ರಿ ಫೀಸನ್ನು ವಾಲೆಟ್‌ಗೆ ವಾಪಸ್ ಹಾಕಿದೆವು. ಆ್ಯಪ್ ತೆರೆದ ಕೂಡಲೇ ‘ನಿಮ್ಮ ಬಾಕಿ ಇಷ್ಟು, ಅದು ನಿಮಗೆ ವಾಪಸ್ ಸಿಗುತ್ತದೆ’ ಅಂತ ಕಾಣುವ ಹಾಗೆ ಮಾಡಿದೆವು. ಆಮೇಲೆ ಡೇಟಾಬೇಸನ್ನು ಎರಡು ಕಡೆ ಕಾಪಿ ಮಾಡಿ ಇಟ್ಟೆವು.

ವಾಟ್ಸಾಪ್ ಗುಂಪುಗಳಲ್ಲಿ ಬೇರೆಯೇ ಚರ್ಚೆ. ಕಾನೂನಿಗೆ ಅಂಕಿತ ಬಿದ್ದರೂ ಜಾರಿ ದಿನವನ್ನು ಸರ್ಕಾರ ಬೇರೆಯಾಗಿ ಪ್ರಕಟಿಸಬೇಕು, ಅಲ್ಲಿವರೆಗೆ ಆಡಿಸಬಹುದು ಅಂತ ಕೆಲವರು. ಕೋರ್ಟ್ ತಡೆ ಕೊಟ್ಟೇ ಕೊಡುತ್ತದೆ ಅಂತ ಇನ್ನು ಕೆಲವರು. ಎ23 ರಮ್ಮಿ ನಡೆಸುವ ಹೆಡ್ ಡಿಜಿಟಲ್ ವರ್ಕ್ಸ್ ನಮ್ಮ ಹೈಕೋರ್ಟಿಗೇ ಹೋಗಿತ್ತು. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಬೇರೆ ಬೇರೆ ಹೈಕೋರ್ಟ್‌ಗಳಲ್ಲಿದ್ದ ಇಂಥ ಅರ್ಜಿಗಳನ್ನು ತನ್ನ ಬಳಿಗೇ ವರ್ಗಾಯಿಸಿಕೊಂಡಿತು. ದೊಡ್ಡವರು ಕಾಯಬಹುದು, ಅವರಿಗೆ ಲಾಯರ್‌ಗಳ ಸಾಲೇ ಇದೆ. ನಮಗೆ ಆ ಚರ್ಚೆಯಿಂದ ಪ್ರಯೋಜನವಿರಲಿಲ್ಲ. ನಮ್ಮ ಪೇಮೆಂಟ್ ಗೇಟ್‌ವೇ ಜಾರಿ ದಿನವನ್ನೂ ನೋಡಲಿಲ್ಲ, ಕೋರ್ಟನ್ನೂ ಕಾಯಲಿಲ್ಲ. ಅಂಕಿತ ಬಿದ್ದ ಶುಕ್ರವಾರವೇ ಮೇಲ್ ಬಂತು. ನಿಮ್ಮ ಅಕೌಂಟ್ ಪರಿಶೀಲನೆಯಲ್ಲಿದೆ, ಸೆಟ್ಲ್‌ಮೆಂಟ್ ತಡೆಹಿಡಿಯಲಾಗಿದೆ ಅಂತ. ಹಿಂದಿನ ಎರಡು ಮೂರು ದಿನದ ಡೆಪಾಸಿಟ್, ಸುಮಾರು 60,000 ರೂಪಾಯಿ, ಅವರಲ್ಲೇ ಉಳಿಯಿತು. ಜನರಿಗೆ ದುಡ್ಡು ಕಳಿಸುವ ಪೇಔಟ್ ಸೌಲಭ್ಯವೂ ಬಂದ್. ಅಂದರೆ ಜನರ ದುಡ್ಡನ್ನು ವಾಪಸ್ ಕೊಡುವ ದಾರಿಯೇ ಮುಚ್ಚಿತು. ಮುಂದಿನ ವಾರ ಚೌತಿ ರಜೆ. ಸಪೋರ್ಟ್‌ಗೆ ಬರೆದರೆ ಅದೇ ನಾಲ್ಕು ಸಾಲಿನ ಉತ್ತರ, ಹೆಸರು ಮಾತ್ರ ಪ್ರತಿ ಸಲ ಬೇರೆ.

ಜಾಹೀರಾತಿನ ವಿಷಯ ನಮಗೆ ತಡವಾಗಿ ನೆನಪಾಯಿತು. ಆಟಿಗೆ ಮುಂಚೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಮತ್ತು ಕಂಕನಾಡಿ ಕಡೆಯ ಕೆಲವು ರಿಕ್ಷಾಗಳ ಹಿಂದೆ ಸ್ಟಿಕ್ಕರ್ ಅಂಟಿಸಿದ್ದೆವು. ‘25 ಕಟ್ಟಿ, 110 ಗೆಲ್ಲಿ’ ಅಂತ ದಪ್ಪ ಅಕ್ಷರದಲ್ಲಿ. ಅದು ಊರೆಲ್ಲ ಓಡಾಡುತ್ತಿತ್ತು. ಬ್ಲೇಡು, ಸೀಮೆಎಣ್ಣೆ, ಹಳೆ ಬಟ್ಟೆ ಹಿಡಿದುಕೊಂಡು ಸ್ಟ್ಯಾಂಡ್‌ನಿಂದ ಸ್ಟ್ಯಾಂಡಿಗೆ ಹೋದೆವು. ಮಳೆಯಲ್ಲಿ ನೆನೆದ ಸ್ಟಿಕ್ಕರ್ ಮೇಲಿನ ಪದರ ಸಲೀಸಾಗಿ ಬರುತ್ತದೆ, ಅಂಟು ಮಾತ್ರ ರೆಕ್ಸಿನ್ನಿಗೆ ಹಿಡಿದುಕೊಂಡೇ ಇರುತ್ತದೆ. ‘110’ರ ಸೊನ್ನೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ಒಬ್ಬರು ಡ್ರೈವರ್ ಬೀಡಿ ಸೇದುತ್ತಾ ನೋಡುತ್ತಿದ್ದವರು ಕೇಳಿದರು, “ಅಲ್ಲ ಮಾರ್ರೆ, ಇದರ ಬಾಡಿಗೆ ದೀಪಾವಳಿವರೆಗೆ ಅಂತ ಮಾತಾದದ್ದಲ್ವಾ?” ಕೊಟ್ಟೆವು. ನ್ಯಾಯವಾದ ಮಾತು.

ನಿಮ್ಮ ಹಳೆಯ ಫೇಸ್‌ಬುಕ್ ಪೋಸ್ಟ್, ಯೂಟ್ಯೂಬ್ ವಿಡಿಯೋ, ಪ್ರೋಮೋ ಕೋಡ್ ಹೇಳಿದ ಲೋಕಲ್ ಚಾನೆಲ್‌ಗಳು, ವೆಬ್‌ಸೈಟಿನ ಹಳೆ ಪುಟಗಳು ಎಲ್ಲವನ್ನೂ ಹುಡುಕಿ ತೆಗೆಯಿರಿ. ಮುಂದೆ ಗೇಟ್‌ವೇಯವರು ಹೊಸ ಅರ್ಜಿ ನೋಡುವಾಗ ನಿಮ್ಮ ಹೆಸರನ್ನು ಗೂಗಲ್‌ನಲ್ಲಿ ಹಾಕಿಯೇ ಹಾಕುತ್ತಾರೆ. ನಮ್ಮ ಒಂದು ಹಳೇ ವಿಡಿಯೋದ ಲಿಂಕ್ ಅವರೇ ನಮಗೆ ಕಳಿಸಿದ್ದರು.

ಲಾಯರ್ ಹುಡುಕುವುದು ಇನ್ನೊಂದು ಕಥೆ. ಕೊಡಿಯಾಲ್‌ಬೈಲ್ ಸುತ್ತಮುತ್ತ ಬೋರ್ಡ್‌ಗಳಿಗೆ ಕೊರತೆ ಇಲ್ಲ. ಆದರೆ ಜಾಗದ ತಕರಾರು, ಆ್ಯಕ್ಸಿಡೆಂಟ್ ಕೇಸು, ಚೆಕ್ ಬೌನ್ಸ್ ನೋಡುವವರೇ ಹೆಚ್ಚು. “ಇದು ಬೆಂಗಳೂರಿನವರು ನೋಡುವಂಥದ್ದು” ಅಂದರು ಮೊದಲು ಸಿಕ್ಕಿದವರು. ಬೆಂಗಳೂರಿನ ಒಂದು ಆಫೀಸ್ ಒಂದು ಗಂಟೆಯ ಮಾತಿಗೆ ಹೇಳಿದ ಫೀಸು ಕೇಳಿ ಫೋನ್ ಇಟ್ಟೆ. ಕೊನೆಗೆ ಸಿಕ್ಕಿದವರು ಇಲ್ಲಿಯವರೇ, ಕಂಪನಿ ಕಾನೂನು ನೋಡುವ ಒಬ್ಬ ಮೇಡಂ. ಅವರು ಕಾಯ್ದೆಯ ಪ್ರಿಂಟ್ ಎದುರಿಗಿಟ್ಟುಕೊಂಡು, ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಾ ನಮ್ಮ ಆ್ಯಪನ್ನು ಒಂದೊಂದೇ ಸ್ಕ್ರೀನ್ ತೆರೆಸಿದರು. ಬರಹದಲ್ಲಿ ಅಭಿಪ್ರಾಯ ಕೊಡಲು 18,000 ತೆಗೆದುಕೊಂಡರು. ಈ ಇಡೀ ಪ್ರಕರಣದಲ್ಲಿ ಕೊಟ್ಟಾಗ ಹೊಟ್ಟೆ ಉರಿಯದ ದುಡ್ಡು ಅದೊಂದೇ.

ಅವರು ಹೇಳಿದ್ದರ ಸಾರ ಹೀಗೆ. ಕಾನೂನು ಮೂರು ಬಗೆಯ ಆಟ ಹೇಳುತ್ತದೆ. ಮನಿ ಗೇಮ್ ಪೂರ್ತಿ ನಿಷೇಧ. ಇ-ಸ್ಪೋರ್ಟ್ಸ್‌ಗೆ ಪ್ರೋತ್ಸಾಹ ಇದೆ. ಅದರಲ್ಲಿ ಪ್ರವೇಶ ಶುಲ್ಕ ಇರಬಹುದು, ಬಹುಮಾನದ ದುಡ್ಡೂ ಇರಬಹುದು. ಆದರೆ ಆ ಆಟಕ್ಕೆ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಡಿ ಮಾನ್ಯತೆ ಬೇಕು, ಈ ಕಾನೂನಿನಡಿ ರಚನೆಯಾಗುವ ಪ್ರಾಧಿಕಾರದಲ್ಲಿ ನೋಂದಣಿ ಬೇಕು. ಚೆನ್ನೆಮಣೆಗೆ ಆ ಮಾನ್ಯತೆ ಯಾವ ಕಾಲಕ್ಕೆ? ಮೂರನೆಯದು ಸೋಷಿಯಲ್ ಗೇಮ್. ಮನರಂಜನೆಗೆ ಆಡುವುದು. ಇದಕ್ಕೆ ಚಂದಾ ಅಥವಾ ಒಂದು ಸಲದ ಶುಲ್ಕ ತೆಗೆದುಕೊಳ್ಳಬಹುದು, ಅದು ಪಣದ ರೂಪದಲ್ಲಿ ಇರಬಾರದು. ನಮಗೆ ಉಳಿದದ್ದು ಇದೊಂದೇ.

ತಮ್ಮನಿಗೆ ಖುಷಿಯಾಯಿತು, “ಅಷ್ಟೇ ಅಲ್ವಾ, ಎಂಟ್ರಿ ಫೀಸ್ ತೆಗೆದು ತಿಂಗಳಿಗೆ 49 ರೂಪಾಯಿ ಚಂದಾ ಮಾಡುವ” ಅಂದ. ಮೇಡಂ ಪೆನ್ಸಿಲ್ ಎತ್ತಿ, ನಿಲ್ಲಿ ಅಂದರು. ಆ್ಯಪ್‌ನಲ್ಲಿ ಕಾಯಿನ್ ಮಾರುತ್ತೀರಲ್ಲ, ಅದೇನು? ದುಡ್ಡು ಕೊಟ್ಟು ಕೊಂಡ ಕಾಯಿನ್, ಟೋಕನ್ ಎಲ್ಲವನ್ನೂ ಕಾಯ್ದೆ ಪಣದ ಲೆಕ್ಕಕ್ಕೇ ಸೇರಿಸುತ್ತದೆ. ಹಾಗಾದರೆ ಕಾಯಿನ್ ಹೋಯಿತು. ತಿಂಗಳ ಮೊದಲ ಮೂರು ಸ್ಥಾನದವರಿಗೆ ಗೇರುಬೀಜದ ಪ್ಯಾಕೆಟ್ ಕಳಿಸುತ್ತಿದ್ದೆವು, ಅದಾದರೂ ಇರಲಿ ಅಂದೆ. ಚಂದಾ ಕಟ್ಟಿದವರಿಗೆ ಮಾತ್ರ ಸಿಗುವ ಬಹುಮಾನ ಅಂದರೆ ನಾಳೆ ಯಾರಾದರೂ ಇದೂ ಪಣವೇ ಅನ್ನಬಹುದು, ಗೆಲುವು ಅಂದರೆ ದುಡ್ಡೇ ಆಗಬೇಕಿಲ್ಲ, ಬೇರೆ ಲಾಭವೂ ಸೇರುತ್ತದೆ ಅಂದರು. ಗೇರುಬೀಜವೂ ಹೋಯಿತು. ಈಗ ಗೆದ್ದವರಿಗೆ ಪರದೆಯ ಮೇಲೆ ಒಂದು ಕಿರೀಟ ಬರುತ್ತದೆ, ಅಷ್ಟೇ.

ಇನ್ನು ರೀಫಂಡ್. ಹೆಚ್ಚು ನಿದ್ದೆ ಹೋದದ್ದು ಇದರಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಲ್ಲ ವಾಲೆಟ್ ಸೇರಿ ನಾವು ಕೊಡಬೇಕಾದದ್ದು ಎರಡೂವರೆ ಲಕ್ಷದ ಆಸುಪಾಸು. ಅದರಲ್ಲಿ ಜನ ಹಾಕಿದ ದುಡ್ಡು ಎಷ್ಟು, ಗೆದ್ದದ್ದು ಎಷ್ಟು, ನಾವು ಕೊಟ್ಟ ಬೋನಸ್ ಎಷ್ಟು ಅಂತ ಮೂರು ಭಾಗ ಮಾಡಬೇಕು. ಬೋನಸ್ ವಾಪಸ್ ಕೊಡುವಂಥದ್ದಲ್ಲ. ಕೆ.ಎಸ್. ರಾವ್ ರಸ್ತೆಯಲ್ಲಿರುವ ನಮ್ಮ ಆಡಿಟರ್ ಆಫೀಸಿಗೆ ಪಟ್ಟಿ ತೆಗೆದುಕೊಂಡು ಹೋದೆ. ಅವರು ಕನ್ನಡಕ ಮೇಲೆತ್ತಿ ಕೇಳಿದ ಮೊದಲ ಪ್ರಶ್ನೆ, “ಜಿಎಸ್‌ಟಿ ಕಟ್ಟಿದ್ದು ವಾಪಸ್ ಬರುವುದಿಲ್ಲ, ಗೊತ್ತುಂಟಲ್ಲ?”

2023ರ ಅಕ್ಟೋಬರ್ 1ರಿಂದ ದುಡ್ಡಿನ ಆಟಕ್ಕೆ ಜಿಎಸ್‌ಟಿ ಶೇ 28 ಇತ್ತು. ಅದೂ ನಮ್ಮ ಕಮಿಷನ್ ಮೇಲಲ್ಲ, ಆಟಗಾರ ಹಾಕಿದ ಪೂರ್ತಿ ದುಡ್ಡಿನ ಮೇಲೆ. ಯಾರಾದರೂ 100 ರೂಪಾಯಿ ಹಾಕಿದರೆ ಅದರೊಳಗಿನ ಸುಮಾರು 22 ರೂಪಾಯಿ ಆಗಲೇ ತೆರಿಗೆಗೆ ಹೋಯಿತು. ಗೆದ್ದ ದುಡ್ಡನ್ನು ಹೊರಗೆ ತೆಗೆಯದೆ ಅದರಲ್ಲೇ ಮತ್ತೆ ಆಡಿದರೆ ಮತ್ತೆ ಜಿಎಸ್‌ಟಿ ಇಲ್ಲ, ಆ ಒಂದು ಕಾರಣಕ್ಕೆ ನಮ್ಮಂಥವರು ಉಸಿರಾಡಿಕೊಂಡಿದ್ದೆವು. ಈಗ ಆಟ ಆಡದೆ ಬಾಕಿ ಉಳಿದ 100 ರೂಪಾಯಿಯನ್ನು ವಾಪಸ್ ಕೊಡುವಾಗ ಪೂರ್ತಿ 100 ಕೊಡಬೇಕು. ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳಲು ನಿಯಮದಲ್ಲಿ ಅವಕಾಶವೇ ಇಲ್ಲ. ಜಿಎಸ್‌ಟಿ ನಿಯಮ 31ಬಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆಟಗಾರನಿಗೆ ಯಾವ ಕಾರಣಕ್ಕೆ ದುಡ್ಡು ವಾಪಸ್ ಕೊಟ್ಟರೂ, ಅವನು ಆಡದೇ ಇದ್ದರೂ, ತೆರಿಗೆ ಲೆಕ್ಕದಲ್ಲಿ ಅದನ್ನು ಕಡಿಮೆ ಮಾಡುವ ಹಾಗಿಲ್ಲ. ಸರ್ಕಾರವೇ ಆಟ ನಿಲ್ಲಿಸಿದೆ, ತೆರಿಗೆ ಮಾತ್ರ ಆಡಿದ್ದಕ್ಕೆ ಅಂತ ಇಟ್ಟುಕೊಂಡಿದೆ. ಇದರಲ್ಲಿ ನ್ಯಾಯ ಏನು ಅಂತ ನನಗೆ ಇವತ್ತಿಗೂ ಹೊಳೆದಿಲ್ಲ. ಆ ವ್ಯತ್ಯಾಸವನ್ನು ನಮ್ಮ ಜೇಬಿನಿಂದ ತುಂಬಿದೆವು. ಹೊಸ ಲ್ಯಾಪ್‌ಟಾಪ್‌ಗೆ ಅಂತ ತಮ್ಮ ಇಟ್ಟಿದ್ದ ದುಡ್ಡು ಅದರಲ್ಲಿ ಹೋಯಿತು.

ಮುಂದಿನದು ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಆಗಿನ ಆದಾಯ ತೆರಿಗೆ ಕಾಯ್ದೆಯ 194ಬಿಎ ಸೆಕ್ಷನ್ ಪ್ರಕಾರ ಆನ್‌ಲೈನ್ ಆಟದ ನಿವ್ವಳ ಗೆಲುವಿಗೆ ಶೇ 30 ಹಿಡಿಯಬೇಕಿತ್ತು. ಲೆಕ್ಕ ಕಷ್ಟವಿಲ್ಲ. ಆರ್ಥಿಕ ವರ್ಷದಲ್ಲಿ ಆಟಗಾರ ಹೊರಗೆ ತೆಗೆದ ಒಟ್ಟು ದುಡ್ಡಿನಿಂದ, ಅವನು ಹಾಕಿದ ದುಡ್ಡು ಮತ್ತು ಏಪ್ರಿಲ್ 1ರಂದು ವಾಲೆಟ್‌ನಲ್ಲಿದ್ದ ಬಾಕಿ ಎರಡನ್ನೂ ಕಳೆಯಿರಿ. 500 ಹಾಕಿದವನು 800 ತೆಗೆದರೆ, ಮೊದಲಿನ ಬಾಕಿ ಏನೂ ಇಲ್ಲದಿದ್ದರೆ, ಗೆಲುವು 300, ಟಿಡಿಎಸ್ 90. ತಾನು ಹಾಕಿದ್ದನ್ನಷ್ಟೇ ವಾಪಸ್ ಪಡೆಯುವವನಿಗೆ ಏನೂ ಇಲ್ಲ. ಆದರೆ ಇದನ್ನು ಎಲ್ಲರ ಖಾತೆಗೆ ಒಂದೊಂದಾಗಿ ಹಾಕಿ ನೋಡಬೇಕು. ಹಿಡಿದ ಟಿಡಿಎಸ್ ಮುಂದಿನ ತಿಂಗಳ 7ರೊಳಗೆ ಕಟ್ಟಬೇಕಿತ್ತು, ಮೂರು ತಿಂಗಳಿಗೊಮ್ಮೆ ಅದರ ಲೆಕ್ಕ 26ಕ್ಯೂ ಫಾರ್ಮ್‌ನಲ್ಲಿ ಹಾಕಬೇಕಿತ್ತು, ಆಮೇಲೆ ಅವರಿಗೆಲ್ಲ ತೆರಿಗೆ ಹಿಡಿದದ್ದರ ಪ್ರಮಾಣಪತ್ರ ಫಾರ್ಮ್ 16ಎ ಕಳಿಸಬೇಕಿತ್ತು. ಪ್ಯಾನ್ ಕೊಡದವರ ಟಿಡಿಎಸ್ ಅವರ ಲೆಕ್ಕದಲ್ಲಿ ಕಾಣುವುದೇ ಇಲ್ಲ, ಹಾಗಾಗಿ ಗೆದ್ದವರ ಹತ್ತಿರ ಪ್ಯಾನ್ ಕೇಳಲೇಬೇಕಾಯಿತು.

ಆ ಲೆಡ್ಜರ್ ನೋಡುವಾಗ ಕಂಡದ್ದೊಂದನ್ನು ಹೇಳಬೇಕು. ಒಬ್ಬ ಆಟಗಾರನ ಸಾಲು. ರಾತ್ರಿ 1:10ಕ್ಕೆ 50, 1:32ಕ್ಕೆ 50, 1:47ಕ್ಕೆ 100, 2:20ಕ್ಕೆ 100. ಬೆಳಗ್ಗೆ ಏನೂ ಇಲ್ಲ. ಮರುದಿನ ರಾತ್ರಿ ಮತ್ತೆ ಅದೇ ಥರ. ಡ್ಯಾಶ್‌ಬೋರ್ಡ್‌ನಲ್ಲಿ ಇದು ನಮಗೆ ‘ಆ್ಯಕ್ಟಿವ್ ಯೂಸರ್’ ಅಂತ ಹಸಿರು ಬಣ್ಣದಲ್ಲಿ ಕಾಣುತ್ತಿತ್ತು. ಒಟ್ಟು ಮೊತ್ತ ದೊಡ್ಡದೇನಲ್ಲ. ಆದರೂ ತಮ್ಮ ಆ ಸಾಲನ್ನು ತುಂಬಾ ಹೊತ್ತು ನೋಡುತ್ತಾ ಕೂತ. ಈ ಕಾನೂನಿನ ಬಗ್ಗೆ ನನಗೆ ದೂರು ಇಲ್ಲವೆಂದಲ್ಲ, ಜಿಎಸ್‌ಟಿ ವಿಷಯ ಮೇಲೆ ಹೇಳಿದೆ. ಸಣ್ಣವರಿಗೆ ನಾಲ್ಕು ತಿಂಗಳ ಸಮಯ ಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು ಅಂತಲೂ ಅನಿಸುತ್ತದೆ. ಆದರೆ ಕಾನೂನೇ ಬೇಡವಿತ್ತು ಅನ್ನುವವರ ಜೊತೆ ನಾನು ಸೇರಲಾರೆ.

ದುಡ್ಡು ಕಳಿಸುವ ಕೆಲಸಕ್ಕೆ ಬರೋಣ. ಇತ್ತೀಚಿನ ಪೇಮೆಂಟ್‌ಗಳನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಲು ಗೇಟ್‌ವೇ ಕೊನೆಗೆ ಒಪ್ಪಿತು. ಹಳೆಯವಕ್ಕೆ ಆ ದಾರಿ ಇಲ್ಲ. ನಮ್ಮ ಕರೆಂಟ್ ಅಕೌಂಟ್‌ನಿಂದಲೇ ಒಬ್ಬೊಬ್ಬರಿಗೆ ಕಳಿಸಬೇಕು. ಅದಕ್ಕೆ ಅವರ ಯುಪಿಐ ಐಡಿ ಬೇಕು. ಸರಿ, ಫೋನ್ ಮಾಡಿ ಕೇಳೋಣ ಅಂತ ಶುರು ಮಾಡಿದೆ.

“ನಮಸ್ಕಾರ, ಚೆನ್ನೆಮಣೆ ಆ್ಯಪ್‌ನಿಂದ ಮಾತಾಡುವುದು. ನಿಮಗೆ 140 ರೂಪಾಯಿ ವಾಪಸ್ ಬರಲಿಕ್ಕುಂಟು, ನಿಮ್ಮ ಯುಪಿಐ ಐಡಿ ಹೇಳ್ತೀರಾ?”

ಇದನ್ನು ಇವತ್ತಿನ ಕಾಲದಲ್ಲಿ ಯಾರು ನಂಬುತ್ತಾರೆ? ಕಾರ್ಕಳದ ಒಬ್ಬರು ಹೆಂಗಸು ಸಮಾಧಾನದಲ್ಲಿ ಪೂರ್ತಿ ಕೇಳಿದರು. ಆಮೇಲೆ, “ನಿಮ್ಮಂಥವರ ಬಗ್ಗೆಯೇ ಮೊನ್ನೆ ಮಗ ಹೇಳಿದ್ದು. ನಾಚಿಕೆ ಆಗುದಿಲ್ವಾ ನಿಮಗೆ? ಮನೆಯಲ್ಲಿ ಅಕ್ಕ ತಂಗಿ ಇಲ್ವಾ?” ಅಂತ ಬೈದು ಇಟ್ಟರು. ಇನ್ನೊಬ್ಬರು 1930ಗೆ ಫೋನ್ ಮಾಡುತ್ತೇನೆ ಅಂದರು. ಅದು ಸೈಬರ್ ವಂಚನೆಯ ಸಹಾಯವಾಣಿ. ನಿಜವಾಗಿ ಮಾಡಿದ್ದರೆ ನಮ್ಮ ಅಕೌಂಟೇ ಫ್ರೀಜ್ ಆಗುವ ಅಪಾಯ ಇತ್ತು. ಅವತ್ತೇ ಫೋನ್ ಮಾಡುವುದನ್ನು ನಿಲ್ಲಿಸಿದೆ.

ಆಮೇಲೆ ಕಂಡುಕೊಂಡ ದಾರಿ ಇದು. ಯಾರಿಗೂ ಫೋನ್ ಬೇಡ, ಲಿಂಕ್ ಇರುವ ಎಸ್‌ಎಂಎಸ್ ಬೇಡ. ಆಟಗಾರ ತಾನೇ ಆ್ಯಪ್ ತೆರೆದು, ತನ್ನ ಬಾಕಿ ನೋಡಿ, ಅಲ್ಲೇ ಯುಪಿಐ ಐಡಿ ಹಾಕಬೇಕು. ನಾವು ಮೊದಲು 1 ರೂಪಾಯಿ ಕಳಿಸಿ ಹೆಸರು ಸರಿ ಇದೆಯಾ ಅಂತ ನೋಡುವುದು, ಆಮೇಲೆ ಉಳಿದದ್ದು. ಓಟಿಪಿ, ಪಿನ್ ಯಾವತ್ತೂ ಕೇಳುವುದಿಲ್ಲ ಅಂತ ಮೇಲೆಯೇ ಕನ್ನಡದಲ್ಲಿ, ತುಳುವಿನಲ್ಲಿ ಬರೆದೆವು. ಜನ ಬರತೊಡಗಿದರು. ಕಾರ್ಕಳದವರೂ ಬಂದರು. ಹಿಂದೆ ಬೈದದ್ದು ನಮಗೇ ಅಂತ ಅವರಿಗೆ ಗೊತ್ತಾಯಿತೋ ಇಲ್ಲವೋ.

ಬ್ಯಾಂಕಿಗೆ ಮುಂಚೆಯೇ ಹೇಳಿ. ನಾವು ಹೇಳಿರಲಿಲ್ಲ. ಒಂದೇ ಅಕೌಂಟ್‌ನಿಂದ ದಿನವಿಡೀ ನೂರಾರು ಜನರಿಗೆ 30, 75, 140 ಅಂತ ಹೋಗುವುದನ್ನು ಕಂಡು ಬ್ಯಾಂಕಿನ ಸಿಸ್ಟಮ್ ಅಲರ್ಟ್ ಕೊಟ್ಟಿತು, ಟ್ರಾನ್ಸ್‌ಫರ್ ನಿಂತಿತು. ಮ್ಯಾನೇಜರ್ ಒಳ್ಳೆಯ ಮನುಷ್ಯ. “ನೀವು ಎಂತ ವ್ಯವಹಾರ ಮಾಡುದು ಅಂತ ಸರಿಯಾಗಿ ಒಂದು ಲೆಟರ್ ಕೊಡಿ” ಅಂದರು. ಲೆಟರ್‌ಹೆಡ್‌ನಲ್ಲಿ ಕಾರಣ, ಆಡಿಟರ್ ಸಹಿ ಹಾಕಿದ ರೀಫಂಡ್ ಪಟ್ಟಿ, ಲಾಯರ್ ಅಭಿಪ್ರಾಯದ ಕಾಪಿ ಕೊಟ್ಟ ಮೇಲೆ ಬಿಟ್ಟರು.

ಅಷ್ಟರಲ್ಲಿ ದಸರಾ ಬಂತು. ಕುದ್ರೋಳಿಯ ಲೈಟಿಂಗ್ ನೋಡಲು ಊರೆಲ್ಲ ಹೋಗುತ್ತಿದ್ದರೆ ನಾವು ಆಫೀಸಿನಲ್ಲಿ ಎಲ್‌ಎಲ್‌ಪಿ ಕಾಗದ ಹುಡುಕುತ್ತಿದ್ದೆವು. ಹೊಸ ಚಂದಾ ವ್ಯವಹಾರಕ್ಕೆ ಗೇಟ್‌ವೇಗೆ ಹೊಸದಾಗಿ ಅರ್ಜಿ ಹಾಕಿದ್ದೆವು. ನಿಮ್ಮ ಎಲ್‌ಎಲ್‌ಪಿ ಒಪ್ಪಂದದಲ್ಲಿ ವ್ಯವಹಾರದ ಉದ್ದೇಶ ‘ದುಡ್ಡಿನ ಕೌಶಲ ಆಟ ನಡೆಸುವುದು’ ಅಂತಿದೆ, ಬದಲಿಸಿ ಅಂದರು. ಅದು ಬದಲಾಗಬೇಕಾದರೆ ತಿದ್ದುಪಡಿ ಒಪ್ಪಂದ ಬೇಕು. ಸೊಸೈಟಿಯಲ್ಲಿ ಇ-ಸ್ಟಾಂಪ್ ತೆಗೆದು, ಸಹಿ ಹಾಕಿ, 30 ದಿನದೊಳಗೆ ಕಂಪನಿ ರಿಜಿಸ್ಟ್ರಾರ್‌ಗೆ ಫಾರ್ಮ್ 3 ಸಲ್ಲಿಸಬೇಕು. ತಡವಾದರೆ ಫೀಸು ಏರುತ್ತದೆ. ಫಾರ್ಮ್ ಹಾಕಲು ಕೂತರೆ ನನ್ನ ಡಿಜಿಟಲ್ ಸಹಿಯ ಅವಧಿ ಮುಗಿದಿತ್ತು. ಹೊಸತಕ್ಕೆ ಸುಮಾರು 2,000 ಕೊಟ್ಟು, ಕ್ಯಾಮೆರಾ ಎದುರು ಪ್ಯಾನ್ ಹಿಡಿದು ಹೆಸರು ಹೇಳಿ ವಿಡಿಯೋ ಕೊಟ್ಟೆ. ನಿಮ್ಮದು ಯಾವಾಗ ಮುಗಿಯುತ್ತದೆ ಅಂತ ಈಗಲೇ ನೋಡಿಟ್ಟುಕೊಳ್ಳಿ.

ಅಕ್ಟೋಬರ್ ಮೊದಲ ವಾರ ಕರಡು ನಿಯಮಗಳು ಬಂದವು. ಭಾರತ ಆನ್‌ಲೈನ್ ಗೇಮಿಂಗ್ ಪ್ರಾಧಿಕಾರ ಅಂತ ಒಂದು ಬರುತ್ತದೆ, ಅರ್ಜಿ ಹಾಕಿದರೆ 90 ದಿನದಲ್ಲಿ ತೀರ್ಮಾನ, ನೋಂದಣಿ ಸಿಕ್ಕರೆ 5 ವರ್ಷದವರೆಗೆ ಅಂತೆಲ್ಲ ಅದರಲ್ಲಿತ್ತು. ಸಲಹೆ ಕಳಿಸಲು ಅಕ್ಟೋಬರ್ 31ರವರೆಗೆ ಸಮಯ. ನಾವೂ ಎರಡು ಪುಟ ಬರೆದು ಕಳಿಸಿದೆವು. ಸಾಂಪ್ರದಾಯಿಕ ಆಟಗಳಿಗೆ ಸರಳ ದಾರಿ ಇರಲಿ, ಸಣ್ಣ ಸಂಸ್ಥೆಗಳಿಗೆ ಫೀಸು ಕಮ್ಮಿ ಇರಲಿ ಅಂತ.

ಕರಡು ಬಂದದ್ದರಿಂದ ದಾರಿ ಸಲೀಸಾಗುತ್ತದೆ ಅಂದುಕೊಂಡಿದ್ದೆವು. ಆದದ್ದು ಉಲ್ಟಾ. ಗೇಟ್‌ವೇ ಈಗ ಹೊಸ ರಾಗ ತೆಗೆಯಿತು, ‘ಪ್ರಾಧಿಕಾರದ ನೋಂದಣಿ ಪತ್ರ ಅಪ್‌ಲೋಡ್ ಮಾಡಿ’. ಆಗ ಪ್ರಾಧಿಕಾರವೇ ಇನ್ನೂ ಹುಟ್ಟಿರಲಿಲ್ಲ, ಪತ್ರ ಯಾರು ಕೊಡಬೇಕು? ಇದನ್ನು ಬರೆದು ಕಳಿಸಿದರೆ ಕಂಪ್ಯೂಟರ್ ಉತ್ತರ. ಆ ಪತ್ರದ ಜಾಗ ಖಾಲಿ ಬಿಟ್ಟರೆ ಫಾರ್ಮ್ ಮುಂದೆ ಹೋಗುವುದಿಲ್ಲ. ಮಗು ಹುಟ್ಟುವ ಮೊದಲೇ ಶಾಲೆಯ ಟಿಸಿ ಕೇಳಿದ ಹಾಗಾಯಿತು. ಕೊನೆಗೆ ಲಾಯರ್ ಮೇಡಂ ಒಂದು ಪುಟದ ಪತ್ರ ಬರೆದುಕೊಟ್ಟರು. ಇದು ಚಂದಾ ಆಧಾರದ ಸೋಷಿಯಲ್ ಗೇಮ್, ಪಣ ಇಲ್ಲ, ಬಹುಮಾನ ಇಲ್ಲ, ಕೊಳ್ಳುವ ಕಾಯಿನ್ ಇಲ್ಲ, ನೋಂದಣಿಯ ವ್ಯವಸ್ಥೆ ಇನ್ನೂ ಕರಡಿನ ಹಂತದಲ್ಲಿದೆ, ಅದು ಅಂತಿಮವಾಗಿ ಅಗತ್ಯವಾದರೆ ಅರ್ಜಿ ಹಾಕುತ್ತೇವೆ ಅಂತ. ಅದನ್ನೇ ಆ ಜಾಗದಲ್ಲಿ ಅಪ್‌ಲೋಡ್ ಮಾಡಿದೆವು. ಜೊತೆಗೆ ನಮ್ಮಿಬ್ಬರ ಅಫಿಡವಿಟ್, ನೋಟರಿ, ಎಲ್ಲ ರೀಫಂಡ್ ಆಗಿದೆ ಅಥವಾ ಬಾಕಿ ದುಡ್ಡು ಬೇರೆ ಅಕೌಂಟ್‌ನಲ್ಲಿದೆ ಎಂಬ ಆಡಿಟರ್ ಸರ್ಟಿಫಿಕೇಟ್, ಆ್ಯಪ್‌ನ ಪ್ರತಿ ಸ್ಕ್ರೀನ್‌ನ ಚಿತ್ರ. ನವೆಂಬರ್‌ನಲ್ಲಿ ಮೊದಲ ಸಲ ಒಬ್ಬ ನಿಜವಾದ ಮನುಷ್ಯ ಫೋನ್ ಮಾಡಿ ಪ್ರಶ್ನೆ ಕೇಳಿದ. ಆ ಫೋನ್‌ನಲ್ಲಿ ನಾನು ಮಾತಾಡಿದಷ್ಟು ವಿನಯದಿಂದ ಮದುವೆ ಮಾತುಕತೆಯಲ್ಲೂ ಮಾತಾಡಿಲ್ಲ.

ಪ್ಲೇ ಸ್ಟೋರ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ದುಡ್ಡಿನ ಟೂರ್ನಿ ಇದ್ದಷ್ಟು ದಿನ ನಮ್ಮ ಆ್ಯಪ್ ಅಲ್ಲಿರಲಿಲ್ಲ, ವೆಬ್‌ಸೈಟ್‌ನಿಂದ ಎಪಿಕೆ (ಆ್ಯಪ್‌ನ ಫೈಲ್) ಇಳಿಸಿಕೊಳ್ಳಬೇಕಿತ್ತು. ಈಗ ಅಲ್ಲಿ ಹಾಕಬಹುದು. ಖಾತೆಗೆ ಒಂದು ಸಲ 25 ಡಾಲರ್. ವೈಯಕ್ತಿಕ ಹೆಸರಿನಲ್ಲಿ ಹೊಸ ಖಾತೆ ತೆರೆದರೆ ಕನಿಷ್ಠ 12 ಜನ 14 ದಿನ ಸತತವಾಗಿ ಟೆಸ್ಟ್ ಮಾಡಬೇಕು. ಸಂಸ್ಥೆಯ ಹೆಸರಿನಲ್ಲಾದರೆ ಡಿ-ಯು-ಎನ್-ಎಸ್ ನಂಬರ್ (ಸಂಸ್ಥೆಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಬೇಕು. ಅದು ಫ್ರೀ, ಆದರೆ ಕಾಯಬೇಕು. ನಮ್ಮದು ಒಂದು ಸಲ ತಿರಸ್ಕೃತವಾಯಿತು. ಎಲ್‌ಎಲ್‌ಪಿ ಪತ್ರದಲ್ಲಿ ಊರಿನ ಹೆಸರು ‘ಮ್ಯಾಂಗಲೋರ್’, ಜಿಎಸ್‌ಟಿಯಲ್ಲಿ ‘ಮಂಗಳೂರು’, ಎರಡೂ ಬೇರೆ ವಿಳಾಸ ಅಂದುಕೊಂಡರು. ಹೆಸರು ಬದಲಾಗಿ ಹತ್ತು ವರ್ಷ ದಾಟಿದೆ ಮಾರಾಯ್ರೆ! ಫಾರ್ಮ್ ಹಾಕುವ ಮುಂಚೆ ಎಲ್ಲ ಕಾಗದದಲ್ಲಿ ವಿಳಾಸ ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ ನೋಡಿ.

ಖರ್ಚಿನ ಅಂದಾಜು ಬೇಕಾದವರಿಗೆ: ಲಾಯರ್ ಅಭಿಪ್ರಾಯ 18,000, ಆಮೇಲಿನ ಪತ್ರ ಮತ್ತು ಒಪ್ಪಂದದ ಕರಡಿಗೆ 7,000. ಆಡಿಟರ್ 15,000, ಸರ್ಟಿಫಿಕೇಟ್ ಸೇರಿ. ಡಿಜಿಟಲ್ ಸಹಿ, ಸ್ಟಾಂಪ್, ನೋಟರಿ, ಫಾರ್ಮ್ ಫೀಸು ಎಲ್ಲ ಸೇರಿ ಸುಮಾರು 6,000. ರಿಕ್ಷಾದವರ ಬಾಡಿಗೆ ಬೇರೆ. ಇದರ ಮೇಲೆ ಜಿಎಸ್‌ಟಿ ವ್ಯತ್ಯಾಸ ತುಂಬಿದ್ದು, ನಾಲ್ಕು ತಿಂಗಳು ಆದಾಯವಿಲ್ಲದೆ ಕಟ್ಟಿದ ಸರ್ವರ್ ಬಾಡಿಗೆ. ಚಂದಾಕ್ಕೆ ಜಿಎಸ್‌ಟಿ ಶೇ 18 ಮಾತ್ರ, ಅದೊಂದು ಸಮಾಧಾನ. ದುಡ್ಡಿನ ಆಟದ ದರ ಸೆಪ್ಟೆಂಬರ್ 22ರಿಂದ ಶೇ 40ಕ್ಕೆ ಏರಿತು. ಆಟವೇ ಇಲ್ಲದ ಮೇಲೆ ಯಾರು ಕಟ್ಟುತ್ತಾರೋ.

ಡಿಸೆಂಬರ್‌ನಲ್ಲಿ ಗೇಟ್‌ವೇ ಹೊಸ ಖಾತೆಗೆ ಒಪ್ಪಿಗೆ ಕೊಟ್ಟಿತು. ತಡೆಹಿಡಿದ 60,000 ಕೂಡ ಬಂತು, ಅದನ್ನು ಹಾಗೆಯೇ ರೀಫಂಡ್‌ಗೆ ಹಾಕಿದೆವು. ಚಂದಾ ಕಟ್ಟಿದವರು ಹಿಂದಿನ ಆಟಗಾರರಲ್ಲಿ ಹತ್ತಕ್ಕೆ ಒಬ್ಬರೂ ಇಲ್ಲ. ಮುಂದಿನ ಆಟಿವರೆಗೆ ನಡೆಸಿ ನೋಡುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ತಮ್ಮ ಈಗ ಹಗಲು ಒಂದು ಕಂಪನಿಗೆ ಕೋಡ್ ಬರೆಯುತ್ತಾನೆ.

ಇನ್ನೂ ಕೆಲವರ ದುಡ್ಡು ನಮ್ಮಲ್ಲಿದೆ. ಹೆಚ್ಚಿನವು 20, 30 ರೂಪಾಯಿಯ ಬಾಕಿ. ಅದನ್ನು ಬೇರೆ ಅಕೌಂಟ್‌ನಲ್ಲಿಟ್ಟು, ಲೆಕ್ಕದಲ್ಲಿ ನಾವು ಕೊಡಬೇಕಾದ ಸಾಲ ಅಂತಲೇ ತೋರಿಸಿದ್ದೇವೆ. ಮಾರ್ಚ್ 31ಕ್ಕೆ ವಾಲೆಟ್‌ನಲ್ಲಿ ಉಳಿದ ಗೆಲುವಿಗೂ ಟಿಡಿಎಸ್ ಹಿಡಿಯಬೇಕಾಗುತ್ತದೆ, ಹಾಗಾಗಿ ಅದಕ್ಕಿಂತ ಮುಂಚೆ ತೆಗೆದುಕೊಂಡರೆ ಇಬ್ಬರಿಗೂ ಲೆಕ್ಕ ಸುಲಭ. ನೀವು ನಮ್ಮಲ್ಲಿ ಆಡಿದವರಾದರೆ ಹಳೆಯ ಫೋನ್ ನಂಬರ್‌ನಲ್ಲೇ ಆ್ಯಪ್ ತೆರೆಯಿರಿ, ಬಾಕಿ ಕಾಣುತ್ತದೆ. ನಂಬರ್ ಬದಲಾಗಿದ್ದರೆ ಆ್ಯಪ್‌ನ ಸಹಾಯ ಪುಟದಲ್ಲಿ ಬರೆಯಿರಿ. ನಾವು ಫೋನ್ ಮಾಡುವುದಿಲ್ಲ.